ಹೊಟ್ಟೆ ಸೀಳಿ ಬರೆದ ಲೆಕ್ಕ

ಅರಣೆ ಮೀನಿನ ಹೊಟ್ಟೆಗೆ ಕತ್ತರಿ ಹಾಕಿದರೆ ಒಮ್ಮೊಮ್ಮೆ ಇಡೀ ಮದ್ಮಲ್ ಮೀನಿನ ಮರಿಯೊಂದು ನುಂಗಿದ ಹಾಗೇ ಸಿಗುತ್ತದೆ. ಗುಲಾಬಿ ಬಣ್ಣ ಮಾಸಿರುವುದಿಲ್ಲ, ಹುರುಪೆ ಕಳಚಿರುವುದಿಲ್ಲ. ಅರಣೆಯ ಆಹಾರ ಮದ್ಮಲ್ ಎಂದು ಆಗಲೇ ಬರೆದುಬಿಡಲು ಕೈ ತುರಿಸುತ್ತದೆ. ಆದರೆ ಇಷ್ಟು ತಾಜಾ ತುತ್ತು ಕಂಡರೆ ನನಗೆ ಅನುಮಾನವೇ ಹೆಚ್ಚು. ಟ್ರಾಲ್ ಬಲೆ ಗಂಟೆಗಟ್ಟಲೆ ಕಡಲ ತಳ ಗುಡಿಸುವಾಗ ತಿನ್ನುವವನೂ ತಿನ್ನಿಸಿಕೊಳ್ಳುವವನೂ ಒಂದೇ ಚೀಲಕ್ಕೆ ಬೀಳುತ್ತಾರೆ. ಬಾಯಿ ತುಂಬ ಸೂಜಿಹಲ್ಲಿನ ಅರಣೆ ಅಲ್ಲಿ ಉಪವಾಸ ಕೂರುವ ಪೈಕಿಯಲ್ಲ.

ತಳಮೀನುಗಳ ಆಹಾರದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಇಂಥ ಹೊಟ್ಟೆ ಪರೀಕ್ಷೆಯಿಂದಲೇ. ಸಿಕ್ಕಿದ್ದನ್ನು ಎಣಿಸಬಹುದು, ತೂಗಬಹುದು, ಅಳೆಯಬಹುದು. ನಟರಾಜನ್ ಮತ್ತು ಝಿಂಗ್ರನ್ 1961ರಲ್ಲಿ ಇದಕ್ಕೊಂದು ಪ್ರಾಧಾನ್ಯ ಸೂಚ್ಯಂಕ ಕೊಟ್ಟರು: ಒಂದು ಆಹಾರ ಎಷ್ಟು ಹೊಟ್ಟೆಗಳಲ್ಲಿ ಸಿಕ್ಕಿತು, ಎಷ್ಟು ಜಾಗ ಹಿಡಿದಿತ್ತು, ಇವೆರಡನ್ನೂ ಗುಣಿಸಿ ಶೇಕಡಾಕ್ಕೆ ಇಳಿಸುವುದು. ಸರಳವಾದ, ಜಾಣತನದ ಲೆಕ್ಕ. ತೊಡಕು ಗುಣಾಕಾರದಲ್ಲಿಲ್ಲ, ಹೊಟ್ಟೆಯಲ್ಲಿದೆ.

ನಂಗನ್ನೇ ನೋಡಿ. ಕೆಸರಿಗೆ ಅಂಟಿಕೊಂಡು ಬದುಕುವ ಈ ಚಪ್ಪಟೆ ಮೀನು ಮೆತ್ತಗಿನ ಬಿರುಗೂದಲ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಹುಳು ಬೇಗ ಕರಗಿಹೋಗುತ್ತದೆ. ಕೊನೆಗೆ ಸೂಕ್ಷ್ಮದರ್ಶಕದಡಿ ಉಳಿಯುವುದು ನಾಲ್ಕಾರು ಬಿರುಗೂದಲು, ಒಂದಿಷ್ಟು ಮರಳು. ಅದೇ ಸಿಗಡಿಯಾದರೆ ಸಿಪ್ಪೆ ಉಳಿಯುತ್ತದೆ, ಮೀನಾದರೆ ಕಿವಿಕಲ್ಲು ಉಳಿಯುತ್ತದೆ. ಹೀಗಾಗಿ ಕೋಷ್ಟಕದಲ್ಲಿ ಸಿಗಡಿ ಉಬ್ಬುತ್ತದೆ, ಹುಳು ಸೊರಗುತ್ತದೆ. ಕರಗಿ ಗುರುತು ಸಿಗದ್ದೆಲ್ಲ 'ಜೀರ್ಣವಾದ ವಸ್ತು' ಎಂಬ ಕೊನೆಯ ಸಾಲಿಗೆ. ಕೆಲವು ವರದಿಗಳಲ್ಲಿ ಈ ಕಸದ ಬುಟ್ಟಿಯೇ ಎಲ್ಲಕ್ಕಿಂತ ದೊಡ್ಡದು, ಚರ್ಚೆಯಲ್ಲಿ ಮಾತ್ರ ಅದರ ಸುದ್ದಿಯೇ ಇರುವುದಿಲ್ಲ.

ಖಾಲಿ ಹೊಟ್ಟೆಯೂ ಹೀಗೇ ದಾರಿ ತಪ್ಪಿಸುತ್ತದೆ. ಆಳದಿಂದ ಸರ್ರನೆ ಮೇಲೆಳೆದ ಮುರು ಮೀನಿನ ಗಾಳಿಚೀಲ ಉಬ್ಬಿ, ಜಠರ ಬಾಯಿಂದಾಚೆ ಮಗುಚಿಕೊಳ್ಳುತ್ತದೆ. ಉಂಡದ್ದೆಲ್ಲ ಚೆಲ್ಲಿದ ಈ ಮೀನನ್ನು ಹಸಿದಿತ್ತು ಎಂದು ಬರೆದರೆ ಹೇಗೆ?

ಇನ್ನು ಮಾದರಿ. ಬಂದರಿಗೆ ಬಂದ ಮೀನನ್ನೇ ನೆಚ್ಚಿದರೆ ನಮ್ಮ ಕರಾವಳಿಯ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್‌ಬೋಟುಗಳೆಲ್ಲ ದಡದಲ್ಲಿ. ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುವ ಮಳೆಗಾಲವೂ ಅದೇ. ಕಡಲಲ್ಲಿ ಊಟ ಬದಲಾಗುವ ಹೊತ್ತಿಗೇ ನಮ್ಮ ಪುಸ್ತಕದ ಹಾಳೆ ಖಾಲಿ. ಇಂಥ ಹತ್ತು ತಿಂಗಳ ಲೆಕ್ಕಕ್ಕೆ 'ವಾರ್ಷಿಕ ಆಹಾರಕ್ರಮ' ಎಂಬ ತಲೆಬರಹ ಹಾಕುವುದು ಸ್ವಲ್ಪ ಧೈರ್ಯದ ಕೆಲಸವೇ.

ಹಾಗಂತ ಕತ್ತರಿ ಕೆಳಗಿಡಿ ಎಂದು ನಾನು ಹೇಳುತ್ತಿಲ್ಲ. ಮೀನಿನ ಮಾಂಸದಲ್ಲಿ ಸಾರಜನಕದ ಭಾರದ ಸಮಸ್ಥಾನಿ (ಐಸೊಟೋಪ್) ಅಳೆದರೆ ಆಹಾರ ಸರಪಳಿಯ ಒಂದೊಂದು ಮೆಟ್ಟಿಲಿಗೆ ಸಾಧಾರಣವಾಗಿ ಸಾವಿರಕ್ಕೆ 3.4ರಷ್ಟು ಏರಿಕೆ ಕಾಣುತ್ತದೆ. ತಿಂಗಳುಗಟ್ಟಲೆಯ ಊಟದ ಸರಾಸರಿಯನ್ನು ಮಾಂಸವೇ ಹೇಳುತ್ತದೆ, ಕೊನೆಯ ತುತ್ತನ್ನು ನಂಬಬೇಕಿಲ್ಲ. ಆದರೆ ತಿಂದದ್ದು ಮದ್ಮಲ್ಲೋ, ಅದೇ ಮೆಟ್ಟಿಲಿನ ಇನ್ನೊಂದು ಮೀನೋ ಎಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಹೆಸರು ಬೇಕೆಂದರೆ ಮತ್ತೆ ಹೊಟ್ಟೆಯನ್ನೇ ತೆರೆಯಬೇಕು. ನಾನು ಕೇಳುವುದು ಇಷ್ಟೇ: ಖಾಲಿ ಎಷ್ಟು, ಮಗುಚಿದ್ದೆಷ್ಟು, ಯಾವ ತುತ್ತು ಎಷ್ಟು ಕರಗಿತ್ತು ಎಂಬುದು ಸೂಚ್ಯಂಕದ ಪಕ್ಕದಲ್ಲೇ ಅಚ್ಚಾಗಲಿ.

ಅದೇ ಬಲೆಯ ಇನ್ನೊಂದು ಅರಣೆಯ ಹೊಟ್ಟೆಯಲ್ಲಿ ಮಾಂಸದ ಚೂರೂ ಇರುವುದಿಲ್ಲ, ಅಕ್ಕಿನುಚ್ಚಿನಂಥ ಎರಡು ಕಿವಿಕಲ್ಲು ಮಾತ್ರ. ನೋಡಲು ಏನೂ ಇಲ್ಲ, ಫೋಟೊ ಯಾರೂ ತೆಗೆಯುವುದಿಲ್ಲ. ಬಲೆಗೆ ಬೀಳುವ ಮೊದಲಿನ ಊಟ ಅದು.