ಗಿಟಾರಿಗೂ ಮಡಿ ಉಡಿಸಿದವರು

ಎಲೆಕ್ಟ್ರಿಕ್ ಗಿಟಾರಿನ ಲೋಕದಲ್ಲೂ ಒಂದು ಮಡಿ ಇದೆ. ಅದರ ಹೆಸರು 'ವಿಂಟೇಜ್ ಟೋನ್'. ಐವತ್ತು, ಅರವತ್ತರ ದಶಕದ ಫೆಂಡರ್ ಸ್ಟ್ರಾಟೋಕಾಸ್ಟರ್ ಕೊಡುತ್ತಿದ್ದ ಆ ತಿಳಿಯಾದ, ಗಂಟೆ ಬಾರಿಸಿದಂಥ ಸಿಂಗಲ್ ಕಾಯಿಲ್ ಸದ್ದು ಬೇಕು ಅಂದ್ರೆ ಎಲ್ಲವೂ ಆಗಿನ ಹಾಗೇ ಇರಬೇಕಂತೆ. ಅದೇ ಅಯಸ್ಕಾಂತ, ಅದೇ ಬಟ್ಟೆ ಸುತ್ತಿದ ವೈರು, ಅದೇ ಪಾಲಿಶ್. ಒಂದು ಸ್ಕ್ರೂ ಬದಲಾಯಿಸಿದರೂ ಮೈಲಿಗೆ. 1995ರಿಂದ ಫೆಂಡರ್ ಕಂಪನಿಯೇ 'ರೆಲಿಕ್' ಅನ್ನೋ ಹೆಸರಲ್ಲಿ ಹೊಸ ಗಿಟಾರಿನ ಬಣ್ಣ ಕೆರೆದು, ಲೋಹ ಮಾಸಿಸಿ, ದುಬಾರಿ ಬೆಲೆಗೆ ಮಾರುತ್ತಿದೆ. ನಮ್ಮೂರಲ್ಲಿ ಹೊಸ ಟ್ರ್ಯಾಕ್ಟರಿನ ಮೇಲೆ ಗೀರು ಕಂಡರೆ ರೇಟು ಇಳಿಸಿ ಅಂತ ಜಗಳಕ್ಕೆ ನಿಲ್ಲುತ್ತಾರೆ. ಇಲ್ಲಿ ಗೀರಿಗೇ ರೇಟು.

ನನ್ನ ತಕರಾರು ಬೆಲೆಯ ಬಗ್ಗೆ ಮಾತ್ರ ಅಲ್ಲ. ಈ ಸದ್ದನ್ನು ಲೋಕಕ್ಕೆ ಕೇಳಿಸಿದವರು ಯಾರೂ ಮಡಿವಂತರಾಗಿರಲಿಲ್ಲ ಅನ್ನೋದನ್ನೇ ಈ ಮಡಿ ಮುಚ್ಚಿಡುತ್ತದೆ.

ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಅವನಿಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರಿಗೆ ಮೂರು ಪಿಕಪ್, ಮೂರು ಹಂತದ ಒಂದು ಸ್ವಿಚ್. ಒಂದು ಸಲಕ್ಕೆ ಒಂದೇ ಪಿಕಪ್ ಕೇಳಬೇಕು ಅನ್ನೋದು ಲೆಕ್ಕ. ನುಡಿಸುವವರು ಸುಮ್ಮನಿರಬೇಕಲ್ಲ? ಸ್ವಿಚ್ಚನ್ನು ಎರಡು ಹಂತಗಳ ನಡುವೆ ಹುಷಾರಾಗಿ ನಿಲ್ಲಿಸಿ ಎರಡು ಪಿಕಪ್ ಒಟ್ಟಿಗೆ ಕೇಳುವಂತೆ ಮಾಡಿಕೊಂಡರು. ಇವತ್ತು ನಾವು 'ಅಪ್ಪಟ ಸ್ಟ್ರಾಟ್ ಸದ್ದು' ಅಂತ ಮೆಚ್ಚುವುದರಲ್ಲಿ ಅರ್ಧ ಅದೇ. ಕಂಪನಿ ಐದು ಹಂತದ ಸ್ವಿಚ್ ಕೊಟ್ಟಿದ್ದು 1977ರಲ್ಲಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಯೂಸರ್ ಕಂಡುಹಿಡಿದ ಬಗ್ಗು 23 ವರ್ಷ ಆದಮೇಲೆ ಫೀಚರ್ ಅಂತ ರಿಲೀಸ್ ಆಯಿತು.

ಎರಿಕ್ ಕ್ಲಾಪ್ಟನ್ನನ 'ಬ್ಲ್ಯಾಕಿ' ನೋಡಿ. ಮೂರು ಹಳೇ ಸ್ಟ್ರಾಟ್ ಬಿಚ್ಚಿ, ಚೆನ್ನಾಗಿದ್ದ ಭಾಗ ಆರಿಸಿ ಜೋಡಿಸಿದ ಗಿಟಾರ್ ಅದು. 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಡೇವಿಡ್ ಗಿಲ್ಮರನ ಕಪ್ಪು ಸ್ಟ್ರಾಟ್ 2019ರಲ್ಲಿ 39.75 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ನೆಕ್ ಹಲವು ಸಲ ಬದಲಾಗಿತ್ತು, ಬ್ರಿಜ್ ಪಿಕಪ್ ಹೊಸದು ಬಂದಿತ್ತು, ಜಾಸ್ತಿ ಒಂದು ಸ್ವಿಚ್ ಸೇರಿತ್ತು. ಊರ ತೇರಿನ ಗಾಲಿ, ಅಚ್ಚು ಎಷ್ಟು ಸಲ ಬದಲಾದರೂ ತೇರು ಅದೇ ಅಲ್ವಾ? ಹಾಗೆ. ಇನ್ನು 1965ರಲ್ಲಿ ಕಂಪನಿ ಸಿಬಿಎಸ್ ಪಾಲಾದಮೇಲೆ ಸ್ಟ್ರಾಟ್ ಕೆಟ್ಟುಹೋಯಿತು ಅಂತ ಮಡಿವಂತರ ದೂರು. ಜಿಮಿ ಹೆಂಡ್ರಿಕ್ಸ್ 1969ರಲ್ಲಿ ವುಡ್‌ಸ್ಟಾಕಿನಲ್ಲಿ ನುಡಿಸಿದ್ದು ಅದೇ ಸಿಬಿಎಸ್ ಕಾಲದ ಗಿಟಾರ್, ಅದೂ ಬಲಗೈಯವರದ್ದನ್ನು ತಿರುಗಿಸಿ ಹಿಡಿದು.

ಹಳೇದನ್ನು ಕಣ್ಣು ಮುಚ್ಚಿ ನಕಲು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಪಿಕಪ್ಪಿನಲ್ಲೇ ಸಾಕ್ಷಿ ಇದೆ. ಸಿಂಗಲ್ ಕಾಯಿಲ್ ಅಂದರೆ ಆರು ಅಯಸ್ಕಾಂತದ ಕಡ್ಡಿ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ, ಸುಮಾರು ಎಂಟು ಸಾವಿರ ಸುತ್ತು. ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡೋದನ್ನು ನೋಡಿದವರಿಗೆ ಇದರಲ್ಲಿ ಪವಾಡ ಏನೂ ಕಾಣದು. ಹಳೇ ಪಿಕಪ್ಪುಗಳಲ್ಲಿ ಮೂರನೇ ತಂತಿಯ ಕೆಳಗಿನ ಕಡ್ಡಿ ಎತ್ತರಕ್ಕಿದೆ. ಆಗ ಆ ತಂತಿ ಮೇಲೆ ಸುತ್ತು ಇರುವಂಥದ್ದು, ಸದ್ದು ಕಡಿಮೆ, ಅದಕ್ಕೆ ಎತ್ತರ. ಈಗ ಹೆಚ್ಚಿನವರು ಹಾಕೋದು ಸುತ್ತಿಲ್ಲದ ತಂತಿ. ಆದರೂ 'ವಿಂಟೇಜ್' ಪಿಕಪ್ಪಿನಲ್ಲಿ ಕಡ್ಡಿ ಎತ್ತರಕ್ಕೇ ಇರುತ್ತದೆ, ಆ ಒಂದು ತಂತಿ ಮಾತ್ರ ಉಳಿದದ್ದಕ್ಕಿಂತ ಜೋರಾಗಿ ಕಿರುಚುತ್ತದೆ. ಕಾರಣ ಹೋಯಿತು, ಆಚಾರ ಉಳಿಯಿತು!

ಹಾಗಾದ್ರೆ ಏನು ಮಾಡೋದು ಅಂತೀರಾ? ನೆಕ್ ನೆಟ್ಟಗಿರುವ, ಶ್ರುತಿ ನಿಲ್ಲುವ, ಕೈಗೆ ಒಗ್ಗುವ ಕಡಿಮೆ ಬೆಲೆಯ ಗಿಟಾರ್ ಆರಿಸಿ. ಮೊದಲ ರಿಪೇರಿಗೆ ಸ್ಕ್ರೂಡ್ರೈವರ್ ಸಾಕು. ತಂತಿಯನ್ನು ಕೊನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಪಿಕಪ್ಪಿಗೂ ತಂತಿಗೂ ನಡುವಿನ ಅಂತರ ಅಳೆಯಿರಿ. ದಪ್ಪ ತಂತಿಯ ಕಡೆ 2.4 ಮಿ.ಮೀ., ತೆಳು ತಂತಿಯ ಕಡೆ 2 ಮಿ.ಮೀ. ಇಟ್ಟು ಶುರುಮಾಡಿ. ಪಿಕಪ್ ತೀರಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ. ಎರಡನೇದು, ಹಳೇ ವೈರಿಂಗಿನಲ್ಲಿ ಬ್ರಿಜ್ ಪಿಕಪ್ಪಿಗೆ ಟೋನ್ ನಾಬೇ ಇಲ್ಲ, ಅದಕ್ಕೇ ಅದು ಕಿವಿಗೆ ಚುಚ್ಚುವುದು. ಒಂದು ತುಂಡು ವೈರು, ಎರಡು ಬೆಸುಗೆ, ಕೆಲಸ ಮುಗೀತು. ಮೂರನೇದು, ಹಂಬಕರ್ ಇದ್ದ ಗಿಟಾರಿಗೆ ಸಿಂಗಲ್ ಕಾಯಿಲ್ ಹಾಕಿದರೆ ಪಾಟ್ ಕೂಡ ನೋಡಿ. ಅಲ್ಲಿ ಸಾಮಾನ್ಯವಾಗಿ 500 ಕಿಲೋಓಮ್, ಸ್ಟ್ರಾಟಿಗೆ ಬೇಕಾದ್ದು 250.

ಪಿಕಪ್ ಬದಲಾಯಿಸೋದು ಇದೆಲ್ಲ ಆದಮೇಲೆ. ಅಗ್ಗದ ಸೆರಾಮಿಕ್ ಅಯಸ್ಕಾಂತಕ್ಕೂ ಹಳೇ ಮಾದರಿಯ ಅಲ್ನಿಕೋಗೂ ವ್ಯತ್ಯಾಸ ಇದೆ, ಕಿವಿಗೆ ಕೇಳುತ್ತೆ. ಅದನ್ನು ನಾನು ಅಲ್ಲಗಳೆಯಲ್ಲ. ಕೊಳ್ಳುವಾಗ ನಡುವಿನ ಪಿಕಪ್ಪಿನ ಸುತ್ತು, ಧ್ರುವ ಎರಡೂ ಉಲ್ಟಾ ಇರೋದನ್ನು ಆರಿಸಿ. ಆಗ ಎರಡು ಮತ್ತು ನಾಲ್ಕನೇ ಹಂತದಲ್ಲಿ ಕರೆಂಟಿನ ಆ 50 ಹರ್ಟ್ಜ್ ಗುಂಯ್ ಸದ್ದು ಅಡಗುತ್ತದೆ. ಐವತ್ತರ ದಶಕದ ಸ್ಟ್ರಾಟುಗಳಿಗೆ ಈ ಸೌಕರ್ಯ ಇರಲಿಲ್ಲ. ಇದನ್ನು ಬೇಡ ಅನ್ನುವಷ್ಟು ಮಡಿ ಯಾರಿಗೂ ಬೇಡ.

ಪಂಪ್‌ಸೆಟ್ ಸ್ಟಾರ್ಟರಿನಿಂದ ರೇಡಿಯೋವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುತ್ತ ಬೆಳೆದವರು ನಮ್ಮಲ್ಲಿ ತುಂಬಾ ಜನ. ಸಂಬಳ ಬರತೊಡಗಿದ ಮೇಲೆ ಬಿಚ್ಚೋದು ನಿಂತು ಕೊಳ್ಳೋದು ಶುರುವಾಗಿದೆ. ವಾರಂಟಿ ಹೋಗುತ್ತೆ, ರೀಸೇಲ್ ಬೀಳುತ್ತೆ ಅಂತ ನಮ್ಮದೇ ವಸ್ತುವನ್ನು ಮುಟ್ಟೋಕೆ ಹೆದರುತ್ತೇವೆ. ಇಎಂಐನಲ್ಲಿ ಬೇರೆಯವರ ಗೀರು ಕೊಂಡು ತರೋದಕ್ಕಿಂತ, ನಿಮ್ಮ ಸ್ಕ್ರೂಡ್ರೈವರ್ ಜಾರಿ ಬಿದ್ದ ಗೀರು ಎಷ್ಟೋ ವಾಸಿ ಕಣ್ರೀ.