ಮಹಾಪ್ರಬಂಧಕ್ಕೆ ಬೇಕಾದ ಪ್ರಶ್ನೆ

ಪಿಎಚ್.ಡಿ. ಪದವಿಗಾಗಿ ಬರೆದ ಗ್ರಂಥವನ್ನು ಪರೀಕ್ಷಕರಲ್ಲದೆ ಮತ್ತಾರೂ ಓದುವುದಿಲ್ಲವೆಂದು ನಾವು ಹಾಸ್ಯಮಾಡುವುದುಂಟು. ಹಾಸ್ಯವಾದರೂ ಮಾತು ಪೂರ್ತಿ ಸುಳ್ಳಲ್ಲ. ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಆ ಕಪಾಟಿನ ಮುಂದೆ ಅರ್ಧ ಗಂಟೆ ನಿಂತವರಿಗೆ ಇದು ಗೊತ್ತು: ಇಂಥ ಕವಿ, ಒಂದು ಅಧ್ಯಯನ; ಇಂಥ ಕಾದಂಬರಿಕಾರ, ಒಂದು ಅಧ್ಯಯನ. ಒಳಗೆ ಜೀವನಕ್ಕೊಂದು ಅಧ್ಯಾಯ, ಕಥಾಸಾರಕ್ಕೆ ನಾಲ್ಕು, ಉಪಸಂಹಾರಕ್ಕೊಂದು. ಶ್ರಮಪಟ್ಟಿಲ್ಲವೆಂದಲ್ಲ. ಆದರೆ ಬರೆದವರನ್ನು ಕಾಡಿದ ಪ್ರಶ್ನೆ ಯಾವುದೆಂಬುದು ಕೊನೆಯ ಪುಟ ಮುಗಿದರೂ ತಿಳಿಯುವುದಿಲ್ಲ.

ಹಾಗಲ್ಲದ ಗ್ರಂಥವೂ ನಮ್ಮಲ್ಲಿದೆ. ಎಂ. ಚಿದಾನಂದಮೂರ್ತಿಯವರ ಮಹಾಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪುಸ್ತಕವಾಗಿ ಹೊರಬಂದಿತು. ಸಾಮಗ್ರಿ ಅವರಿಗೇ ಮೊದಲು ದೊರೆತದ್ದೇನಲ್ಲ, ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು 1886ರಿಂದಲೇ ಅಚ್ಚಾಗತೊಡಗಿದ್ದುವು. ವಿದ್ವಾಂಸರು ಆ ಕಲ್ಲುಗಳನ್ನು ಹೆಚ್ಚಾಗಿ ಕೇಳುತ್ತಿದ್ದುದು ರಾಜನಾರು, ತೇದಿ ಯಾವುದು, ಯುದ್ಧವೆಲ್ಲಿ ಎಂದು. ಚಿದಾನಂದಮೂರ್ತಿಯವರು ಕೇಳಿದ್ದು, ಜನ ಹೇಗೆ ಬದುಕಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು ಎಂದು.

ಈ ಎರಡು ಬಗೆಯ ಓದಿನ ಅಂತರವನ್ನು ತಿಳಿಯಲು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೇ ನೋಡಬಹುದು. ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನೆಂದು ಅದು ಹೇಳುತ್ತದೆ. ರಾಜಕೀಯ ಚರಿತ್ರೆಗೆ ಅಷ್ಟು ಸಾಕು. ಆದರೆ ಕಲ್ಲನ್ನು ನಿಲ್ಲಿಸಿದ್ದು ಕಾಳಿ ಎಂಬ ನಾಯಿಗಾಗಿ. ಬೂತುಗನ ಆಳು ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಆ ನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅವನು ಕಲ್ಲು ನೆಡಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವನ್ನೂ ವಿಧಿಸಿದ! ಊರು, ಭೂಮಿ ಕೊಡುವ ದೊರೆಯ ಮುಂದೆ ನಿಂತು ಒಬ್ಬ ವೀರ ನಾಯಿಯನ್ನು ಬೇಡಿದನೆಂದರೆ ಆ ಕಾಲದವರ ಮನಸ್ಸು ಎಂಥದು? ಹೀಗೆ ಕೇಳಬಲ್ಲವನಿಗೆ ಹಳೆಯ ಕಲ್ಲೂ ಹೊಸ ಸಾಮಗ್ರಿಯೇ.

ಇನ್ನೊಂದು ಗುಣ, ಮೇರೆಯನ್ನರಿತಿರುವುದು. ಗ್ರಂಥದ ವ್ಯಾಪ್ತಿ ಕ್ರಿ.ಶ. 450ರಿಂದ 1150. ಹಲ್ಮಿಡಿಯ ಕಾಲದಿಂದ ಮೊದಲಾಗಿ ಏಳುನೂರು ವರ್ಷ, ಅದರಾಚೆಗೆ ಕೈಚಾಚುವುದಿಲ್ಲ. ಮಾತಿಗೆ ಮಾತಿಗೆ ಶಾಸನದ ಆಧಾರ ಕೊಟ್ಟಿರುವುದರಿಂದ ಒಪ್ಪದ ಓದುಗನು ತಾನೇ ಮೂಲವನ್ನು ತೆಗೆದು ವಾದಿಸಬಹುದು. ಪಾಂಡಿತ್ಯದ ಬರವಣಿಗೆಯೆಂದರೆ ಸಂಸ್ಕೃತ ಸಮಾಸಗಳ ಸರಮಾಲೆ, ಇಲ್ಲವೇ ಪಾಶ್ಚಾತ್ಯ ಸಿದ್ಧಾಂತಗಳ ಹೆಸರು ಎಂದು ತಿಳಿದವರು ಇಲ್ಲಿಯ ಗದ್ಯವನ್ನು ಗಮನಿಸಬೇಕು. ಹೇಳುವುದಿದ್ದರೆ ಸರಳವಾಗಿ ಹೇಳಲು ಅಂಜಿಕೆಯೇಕೆ?

ಈಗ ನಕಲು ಹಿಡಿಯುವ ತಂತ್ರಾಂಶ ಬಂದಿದೆ. ಯುಜಿಸಿಯ 2018ರ ನಿಯಮದಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಒಳ್ಳೆಯದೇ. ಆದರೆ ಒಂದು ಮಾತನ್ನೂ ಕದಿಯದೆ, ಒಂದನ್ನೂ ಕಂಡುಹಿಡಿಯದೆ ನಾನೂರು ಪುಟ ಬರೆದವರನ್ನು ಆ ಯಂತ್ರ ಹೇಗೆ ತಾನೇ ತಡೆದೀತು?

ಚಿದಾನಂದಮೂರ್ತಿಯವರ ಗ್ರಂಥ ನಿರ್ದೋಷವೆಂದು ನನ್ನ ವಾದವಲ್ಲ. ಕೆಲವೆಡೆ ಉದಾಹರಣೆಗಳ ಮೇಲೆ ಉದಾಹರಣೆ ಬಂದು ಓದುಗನು ದಣಿಯುತ್ತಾನೆ. ಶಾಸನವೆಂಬುದೇ ಕೊಟ್ಟವರ, ಗೆದ್ದವರ ದಾಖಲೆ. ಕಲ್ಲು ನೆಡಿಸುವ ಶಕ್ತಿಯಿಲ್ಲದವರು, ಆ ದತ್ತಿಭೂಮಿಯನ್ನು ಉತ್ತವರು, ಅದರಲ್ಲಿ ಮಾತನಾಡುವುದು ಅಪರೂಪ. ಅವರನ್ನು ಯಾವ ಆಧಾರದಿಂದ ಅರಿಯಬೇಕೆಂಬ ಪ್ರಶ್ನೆಯನ್ನು ಆ ಗ್ರಂಥವನ್ನು ಓದಿ ಮುಗಿಸಿದವರೇ ಕೇಳಬಲ್ಲರು.