ದೇಹದಾರ್ಢ್ಯಪಟುವಿನ ಕರುಣ: 'ಪಂಪಿಂಗ್ ಐರನ್' ಸಾಕ್ಷ್ಯಚಿತ್ರವನ್ನು ಕುರಿತು

ದೇಹದಾರ್ಢ್ಯಪಟುವಿನ ಶರೀರ ನೋಡುವವರಲ್ಲಿ ಮೊದಲು ಹುಟ್ಟಿಸುವುದು ವಿಸ್ಮಯವನ್ನು. ಹಲವರಲ್ಲಿ ಅದರ ಬೆನ್ನಿಗೇ ನಗೆಯನ್ನು, ಜುಗುಪ್ಸೆಯನ್ನು. ಆ ಮಾಂಸಖಂಡಗಳ ಒಳಗೆ ನಮ್ಮಂತೆಯೇ ನೋಯುವ ಮನುಷ್ಯನೊಬ್ಬನಿದ್ದಾನೆಂದು ನಂಬಿಸುವುದು ಸಾಕ್ಷ್ಯಚಿತ್ರಕಾರನಿಗೆ ಎದುರಾಗುವ ಮೊದಲ ತೊಡಕು. ಜಾರ್ಜ್ ಬಟ್ಲರ್ ಮತ್ತು ರಾಬರ್ಟ್ ಫಿಯೋರೆ ನಿರ್ದೇಶಿಸಿದ 'ಪಂಪಿಂಗ್ ಐರನ್' (1977) ಈ ತೊಡಕನ್ನು ಭಾವೋದ್ದೀಪನದ ಮೂಲಕ ದಾಟಿತು. ಆ ಭಾವವನ್ನು ಎಲ್ಲಿಂದ ತಂದರು, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂಬುದು ನಮ್ಮ ಪ್ರಶ್ನೆ.

ಚಿತ್ರದ ವಸ್ತು 1975ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ನಡೆದ ಮಿಸ್ಟರ್ ಒಲಿಂಪಿಯಾ ಸ್ಪರ್ಧೆ. ಒಂದು ಕಡೆ ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ನಗುತ್ತ, ಹರಟುತ್ತ ಅಭ್ಯಾಸ ಮಾಡುವ ಆರ್ನಾಲ್ಡ್ ಶ್ವಾರ್ಟ್ಸನೆಗರ್. ಇನ್ನೊಂದು ಕಡೆ ಬ್ರೂಕ್ಲಿನ್ನಿನ ಮಬ್ಬು ವ್ಯಾಯಾಮಶಾಲೆಯಲ್ಲಿ ತಂದೆಯ ಗದರಿಕೆಯ ನಡುವೆ ಬೆವರುವ ಲೂ ಫೆರಿಗ್ನೊ. ಬಾಲ್ಯದಲ್ಲೇ ಶ್ರವಣಶಕ್ತಿಯ ಬಹುಭಾಗವನ್ನು ಕಳೆದುಕೊಂಡ ಯುವಕ ಈತ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬೆಳಕು ಮತ್ತು ಕತ್ತಲೆಗಳೇ ಇಲ್ಲಿ ಉದ್ದೀಪನ ವಿಭಾವಗಳು. ಪಂದ್ಯದ ದಿನ ಉಪಾಹಾರದ ಮೇಜಿನ ಬಳಿ ಆರ್ನಾಲ್ಡ್, ತಾನು ಗೆದ್ದೆನೆಂದು ತಾಯಿಗೆ ಆಗಲೇ ತಿಳಿಸಿದ್ದಾಗಿ ಹೇಳಿ ಲೂನನ್ನು ಚುಚ್ಚುತ್ತಾನೆ. ನಗೆ ಗೆಲ್ಲುವವನ ಪಾಲಿಗೆ, ಕರುಣ ಸೋಲುವವನ ಪಾಲಿಗೆ.

ಆದರೆ ಫಲಿತಾಂಶ ಬೇರೆಯೇ ಸಂಗತಿಯನ್ನು ಹೇಳುತ್ತದೆ. ಭಾರೀ ತೂಕದ ವಿಭಾಗದಲ್ಲಿ ಫೆರಿಗ್ನೊ ಪಡೆದದ್ದು ಮೂರನೆಯ ಸ್ಥಾನ. ಎರಡನೆಯವನು ಫ್ರಾನ್ಸಿನ ಪರವಾಗಿ ಬಂದಿದ್ದ ಕಪ್ಪು ವರ್ಣದ ಸೆರ್ಜ್ ನೂಬ್ರೆ. ಚಿತ್ರ ಅವನಿಗೆ ತಂದೆಯನ್ನಾಗಲಿ ಬಾಲ್ಯವನ್ನಾಗಲಿ ಒದಗಿಸುವುದಿಲ್ಲ. ವರ್ಣಭೇದದ ಆಡಳಿತವಿದ್ದ ನಗರದಲ್ಲಿ ಅವನು ವೇದಿಕೆಯೇರಿದುದೂ ಇಲ್ಲಿ ಕಥೆಯಾಗುವುದಿಲ್ಲ. ಪ್ರತಿನಾಯಕನನ್ನು ಆರಿಸಿದ್ದು ಸ್ಪರ್ಧೆಯಲ್ಲ, ಕಣ್ಣೀರಿನ ಸಾಧ್ಯತೆ.

ಮೈಕ್ ಕಾಟ್ಸ್ ಎಂಬ ಶಾಲಾ ಶಿಕ್ಷಕನ ಪ್ರಸಂಗ ಇನ್ನೂ ವಿಚಾರಾರ್ಹ. ಬಾಲ್ಯದ ಅವಮಾನಗಳನ್ನು ನೆನೆಯುವ ಈತನ ಅಂಗಿಯನ್ನು ಬಚ್ಚಿಡಲು ಕೆನ್ ವಾಲರ್ ಸಂಚುಹೂಡುವುದನ್ನು ಸ್ಪರ್ಧೆಗೆ ಮುನ್ನ ತೋರಿಸಲಾಗಿದೆ. ಆ ಸಂಚಿನ ದೃಶ್ಯವನ್ನು ಚಿತ್ರಿಸಿದ್ದು ಸ್ಪರ್ಧೆ ಮುಗಿದ ಮೇಲೆ. ಸ್ಪರ್ಧೆಯ ಸಿದ್ಧತೆಗಾಗಿ ತಂದೆಯ ಅಂತ್ಯಕ್ರಿಯೆಯನ್ನೇ ಬಿಟ್ಟೆನೆಂದು ಆರ್ನಾಲ್ಡ್ ಹೇಳುವ ಕಥೆಯೂ ಬೇರೊಬ್ಬರಿಂದ ಎರವಲು ತಂದದ್ದೆಂದು ಆತನೇ ಮುಂದೆ ಒಪ್ಪಿಕೊಂಡಿದ್ದಾನೆ.

ಮಧ್ಯಕಾಲೀನ ಕಾವ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ರನ್ನನ 'ಗದಾಯುದ್ಧ' ನೆನಪಾಗುವುದು ಸಹಜ. ಅಲ್ಲಿಯೂ ನಾಯಕ ಭೀಮನೇ ಆದರೂ, ರಣರಂಗದಲ್ಲಿ ತನ್ನವರ ಶವಗಳ ನಡುವೆ ನಡೆಯುವ ದುರ್ಯೋಧನ ನಮ್ಮ ಮನಸ್ಸನ್ನು ಸೆಳೆಯುತ್ತಾನೆ. ಕವಿಯೂ ಆರಿಸುತ್ತಾನೆ, ಜೋಡಿಸುತ್ತಾನೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ರನ್ನನ ದುರ್ಯೋಧನ ಕಾವ್ಯದ ಹೊರಗೆ ಬಂದು ಮರುದಿನ ಊರಿನಲ್ಲಿ ಓಡಾಡಬೇಕಾಗಿರಲಿಲ್ಲ. ವಾಲರ್ ಓಡಾಡಬೇಕಾಯಿತು, ನಡೆದ ಕ್ರಮದಲ್ಲಿ ನಡೆಯದ ಸಂಚಿನ ಹೊರೆ ಹೊತ್ತು. ಸಾಕ್ಷಿ ಎಂಬ ಪದವನ್ನು ಹೆಸರಿನಲ್ಲೇ ಧರಿಸಿದ ಪ್ರಕಾರಕ್ಕೆ ಈ ಭೇದ ಅಲ್ಪವೆಂದು ನಮಗೆ ತೋರದು.

ಇನ್ನು ಮೌನದ ಮಾತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿಷಯ ಬರೆಯುವಾಗ ಅವರ ಆಹಾರವನ್ನೂ ಹೇಳುತ್ತಾನೆ. ಶರೀರ ಹೇಗೆ ಸಿದ್ಧವಾಯಿತೆಂಬುದು ಅವನಿಗೆ ಮುಚ್ಚಿಡುವ ವಿಷಯವಲ್ಲ. 'ಪಂಪಿಂಗ್ ಐರನ್' ಸ್ಟೀರಾಯ್ಡುಗಳ ಪ್ರಸ್ತಾಪವನ್ನೇ ಮಾಡುವುದಿಲ್ಲ. ತಾನು ಅವುಗಳನ್ನು ಬಳಸಿದ್ದಾಗಿ ಆರ್ನಾಲ್ಡ್ ಅನಂತರ ಹೇಳಿದ್ದಾನೆ. ತಂದೆಯ ಪ್ರೀತಿಯೂ ಬಾಲ್ಯದ ನೋವೂ ಸ್ನಾಯುವಿಗೆ ಕಾರಣವೆಂದು ನಂಬಿದ ಪ್ರೇಕ್ಷಕ ಬೇರೆ ಕಾರಣವನ್ನು ಕೇಳುವ ಗೋಜಿಗೆ ಹೋಗುವುದಿಲ್ಲ.

ವ್ಲಾಡ್ ಯೂಡಿನ್‌ನ 'ರಾನಿ ಕೋಲ್ಮನ್: ದ ಕಿಂಗ್' (2018) ಒಂದು ಹೆಜ್ಜೆ ಮುಂದಿದೆ. 1998ರಿಂದ 2005ರವರೆಗೆ ಸತತವಾಗಿ ಎಂಟು ಬಾರಿ ಮಿಸ್ಟರ್ ಒಲಿಂಪಿಯಾ ಆದ ಕೋಲ್ಮನ್ ಇಲ್ಲಿ ಊರುಗೋಲುಗಳ ಮೇಲೆ ನಡೆಯುತ್ತಾನೆ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಾನೆ. ಹಾನಿಯನ್ನು ಚಿತ್ರ ಮರೆಮಾಚಿಲ್ಲ. ಆದರೂ ಆ ಹಾನಿ ಛಲದ ಮುದ್ರೆಯಾಗಿ ಮಾರ್ಪಡುತ್ತದೆ. ಊರುಗೋಲು ಹಿಡಿದ ಕೈಗಳು ಮತ್ತೆ ಕಬ್ಬಿಣವನ್ನು ಎತ್ತುವಾಗ ಪ್ರೇಕ್ಷಕ ಮರುಗುವುದನ್ನು ಬಿಟ್ಟು ಚಪ್ಪಾಳೆ ತಟ್ಟುವಂತೆ ದೃಶ್ಯವನ್ನು ಕಟ್ಟಲಾಗಿದೆ.